ಬಾಯಿ ಬಿಡಿ

ಉಗ್ರರ ನಾಯಕ ಹರಕುಕಿವಿಯನ್ನು ಸೇನೆಯವರು ಟಿ.ವಿ.ಯಲ್ಲಿ ಆಗಲೇ ಎರಡು ಸಲ ಕೊಂದಿದ್ದರು. ಮೊದಲು ಬೇಕರಿಯಲ್ಲಿ, ಆಮೇಲೆ ಬಟ್ಟೆ ಅಂಗಡಿಯ ಮಹಡಿಯಲ್ಲಿ. ಎರಡು ಸಲವೂ ಕಟ್ಟಡ ನೆಲಸಮವಾಯಿತು. ಎರಡು ಸಲವೂ ಮೀಸೆಯ ಸೇನಾಧಿಕಾರಿಯೊಬ್ಬ ಮೈಕಿನ ಮುಂದೆ ನಿಂತು, “ಭಯೋತ್ಪಾದನೆಯನ್ನು ಬೇರುಸಹಿತ ಕಿತ್ತೊಗೆದಿದ್ದೇವೆ” ಎಂದ. ಬೇಕರಿಯವನ ಅತ್ತೆ ಒಲೆಯ ಪಕ್ಕದಲ್ಲೇ ಸತ್ತಳು. ಮಾರನೇ ವಾರ ಅವನ ಇಬ್ಬರು ಭಾವಮೈದುನರು ಮನೆ ಬಿಟ್ಟು ಹರಕುಕಿವಿಯ ಗುಂಪಿಗೆ ಸೇರಿದರು. ಹರಕುಕಿವಿ ಮಾತ್ರ ಹಲ್ಲುನೋವೊಂದು ಬಿಟ್ಟರೆ ಗುಂಡುಕಲ್ಲಿನಂತಿದ್ದ. ಇದು ನನಗೆ ಹೇಗೆ ಗೊತ್ತೆಂದರೆ, ಅವನ ಅಪಾಯಿಂಟ್‌ಮೆಂಟ್ ಬರೆದುಕೊಂಡವಳೇ ನಾನು.

ಹದಿನೆಂಟು ವರ್ಷದಿಂದ ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜು ನನ್ನದು. ಬಂದವರ ಹೆಸರು ಬರೆದುಕೊಳ್ಳುವುದು, “ಇನ್ನೇನು ಐದೇ ನಿಮಿಷ” ಎಂದು ಸುಳ್ಳು ಹೇಳಿ ಒಂದು ಗಂಟೆ ಕಾಯಿಸುವುದು ನನ್ನ ಕೆಲಸ. ಊದಿದ ದವಡೆಗೆ ಮಫ್ಲರ್ ಸುತ್ತಿಕೊಂಡು ಬಂದವನು, ತಾನು ಮೇಷ್ಟ್ರು ಎಂದ. ಬೇರಿನವರೆಗೂ ಹುಳುಕು, ಮೂರು ಸಲ ಬರಬೇಕು ಎಂದರು ಡಾಕ್ಟರಮ್ಮ. ಎರಡನೇ ಸಲ ಎಕ್ಸ್-ರೇಗೆ ಮಫ್ಲರ್ ಬಿಚ್ಚಿದ. ಎಡಗಿವಿ ಅರ್ಧವೇ ಇತ್ತು. ನಮ್ಮ ಮೆಟ್ಟಿಲ ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲೂ ಅದೇ ಕಿವಿ. ಏನೂ ನೋಡದವಳಂತೆ ಮೂರನೇ ಸಲಕ್ಕೆ ಗುರುವಾರ ನಾಲ್ಕು ಗಂಟೆಗೆ ಚೀಟಿ ಬರೆದುಕೊಟ್ಟೆ.

ಎರಡು ವರ್ಷದ ಹಿಂದೆ ನನ್ನ ತಮ್ಮ ನನ್ನ ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆಂದು ಹೋಗಿದ್ದ. ಬಸ್‌ಸ್ಟಾಪಿನಲ್ಲಿ ಹರಕುಕಿವಿಯ ಗುಂಪಿನವರ ಬಾಂಬು ಸಿಡಿಯಿತು. ಚಪ್ಪಲಿ ಒಂದೇ ಒಂದು ವಾಪಸ್ ಬಂತು, ಅಚ್ಚುಕಟ್ಟಾಗಿ ಹೊಲಿದಿತ್ತು. ಅದು ಈಗಲೂ ನನ್ನ ಚೀಲದಲ್ಲಿದೆ. ಹರಕುಕಿವಿ ಸಾಯಲಿ ಎಂದು ನಾನು ಶಪಿಸದ ದಿನವಿಲ್ಲ. ಆದರೆ ಅದಕ್ಕೆ ಮೊದಲು ಅವನ ಬಾಯಿಂದ ನನಗೊಂದು ಉತ್ತರ ಬೇಕಿತ್ತು. ಕೈಚೀಲ ಹಿಡಿದ ಹೆಂಗಸರು ಬಿಟ್ಟರೆ ಯಾರೂ ನಿಲ್ಲದ ಆ ಸ್ಟಾಪೇ ಯಾಕೆ? ಅದಕ್ಕೆ ಅವನು ಜೀವಂತ ಸಿಗಬೇಕಿತ್ತು.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.

“ಸೇನೆಗೆ ಫೋನ್ ಮಾಡಿದ್ರೆ ಹತ್ತೇ ನಿಮಿಷಕ್ಕೆ ಬರ್ತಾರೆ,” ಎಂದರು. “ಆಮೇಲೆ ಅವನೂ ಇರಲ್ಲ, ನನ್ನ ಕುರ್ಚಿನೂ ಇರಲ್ಲ, ಮೇಲಿನ ಮನೆ ಬಾಣಂತಿನೂ ಇರಲ್ಲ.”

“ಬೇರುಸಹಿತ ಕೀಳ್ತೀವಿ ಅಂತಾರಲ್ಲ?”

“ಮೂವತ್ತು ವರ್ಷದಿಂದ ಬೇರಿನ ಕೆಲಸಾನೇ ಮಾಡ್ತಿದೀನಿ ಕಣೇ. ಸುತ್ತಿಗೇಲಿ ಹೊಡೆದ್ರೆ ದವಡೆ ಮುರಿಯುತ್ತೆ. ಬೇರು ಅಲ್ಲೇ ಇರುತ್ತೆ, ಕೀವು ಪಕ್ಕದ ಹಲ್ಲಿಗೆ ಹೋಗುತ್ತೆ. ನಮ್ಮ ದಫೇದಾರರನ್ನ ಕರಿ.”

ದಫೇದಾರರು ಪಕ್ಕದ ಪೊಲೀಸ್ ಠಾಣೆಯವರು, ನಮ್ಮಲ್ಲೇ ಕಟ್ಟುಹಲ್ಲಿಗೆ ಅಳತೆ ಕೊಟ್ಟಿದ್ದವರು. “ನಿಮ್ಮ ಸೆಟ್ಟು ರೆಡಿ ಇದೆ, ಗುರುವಾರ ಇಬ್ಬರನ್ನ ಜೊತೇಲಿ ಕರ್ಕೊಂಡು ಬನ್ನಿ,” ಎಂದು ಫೋನು ಮಾಡಿದೆ.

“ನನ್ನ ಹಲ್ಲು ನೋಡೋಕೆ ಮೂರು ಜನ ಯಾಕಮ್ಮಾ?”

“ಹಲ್ಲು ನಿಮ್ಮದಲ್ಲ,” ಎಂದೆ. “ಮಫ್ತೀಲೇ ಬರ್ತೀವಿ,” ಎಂದರು. ಅವರಿಗೆ ಹಲ್ಲಿಲ್ಲದಿದ್ದರೂ ತಲೆ ಇದೆ.

ಗುರುವಾರ ಹರಕುಕಿವಿ ನಾಲ್ಕಕ್ಕೆ ಸರಿಯಾಗಿ ಬಂದ. ಹದಿನೆಂಟು ವರ್ಷದಲ್ಲಿ ಇಷ್ಟು ಶಿಸ್ತಿನ ರೋಗಿಯನ್ನು ನಾನು ಕಂಡಿಲ್ಲ. ದಫೇದಾರರು ಇಬ್ಬರು ಪೇದೆಗಳ ಜೊತೆ ಮಫ್ತಿಯಲ್ಲಿ ಕೂತು ಹಳೆಯ ಪತ್ರಿಕೆಯಲ್ಲಿ ಕೂದಲು ಉದುರದಿರಲು ಏನು ಮಾಡಬೇಕೆಂದು ಓದುತ್ತಿದ್ದರು. ಒಳಗೆ ಡಾಕ್ಟರಮ್ಮ “ಬಾಯಿ ಬಿಡಿ” ಎಂದು ಎಡ ದವಡೆಗೆ ಎರಡು ಸೂಜಿ ಚುಚ್ಚಿದರು, ಬಾಯಿ ಮುಚ್ಚದಂತೆ ರಬ್ಬರ್ ತುಂಡು ಇಟ್ಟರು. ಎಕ್ಸ್-ರೇ ನೆಪದಲ್ಲಿ ಸೀಸದ ಭಾರದ ಹೊದಿಕೆಯನ್ನು ಕತ್ತಿನಿಂದ ತೊಡೆಯವರೆಗೆ ಹೊದಿಸಿದರು. ಅವನ ಎರಡೂ ಕೈ ಅದರ ಕೆಳಗಿದ್ದವು. ಮೂವರೂ ಒಳಗೆ ನುಗ್ಗಿ ಅದುಮಿ ಹಿಡಿದು, ಅವನ ಸೊಂಟದ ಪಿಸ್ತೂಲು ಕಿತ್ತುಕೊಂಡು ಕೋಳ ಹಾಕಿದರು. ಅವನು ಘೋಷಣೆ ಕೂಗಿದ. ರಬ್ಬರ್ ಇಟ್ಟ ಬಾಯಲ್ಲಿ ಕ್ರಾಂತಿಯೂ ನೀರು ಮುಕ್ಕಳಿಸಿದ ಹಾಗೇ ಕೇಳಿಸುತ್ತದೆ.

“ಕಾಲು ಗಂಟೆ ಇರಿ,” ಎಂದು ಡಾಕ್ಟರಮ್ಮ ಹಲ್ಲು ತುಂಬಿಸಿಯೇ ಕಳಿಸಿದರು. ಅರ್ಧಂಬರ್ಧ ಕೆಲಸ ಅವರಿಗಾಗದು.

ನಾನೂ ಠಾಣೆಗೆ ಹೋದೆ. ಅಲ್ಲಿನ ಟಿ.ವಿ.ಯಲ್ಲಿ ಸೇನೆಯವರು ಹರಕುಕಿವಿಯನ್ನು ಮೂರನೇ ಸಲ ಕೊಂದು ಮುಗಿಸಿದ್ದರು. ಈ ಸಲ ಹಿಟ್ಟಿನ ಗಿರಣಿ. ಬೀಸಿಸಲು ಬಂದಿದ್ದ ಆರು ಜನರೂ ಸತ್ತಿದ್ದರು. ಹರಕುಕಿವಿ ಜೊಲ್ಲು ಸುರಿಸುತ್ತ ತನ್ನ ಸಾವನ್ನು ತಾನೇ ನೋಡುತ್ತಿದ್ದ. ಸೇನೆಗೆ ಫೋನು ಮಾಡಿದ್ದ ದಫೇದಾರರು ತಲೆ ಚಚ್ಚಿಕೊಂಡರು.

“ಅವನು ಸತ್ತಾಯ್ತಂತೆ. ನಾವು ಹಿಡಿದಿರೋದು ಬೇರೆ ಯಾರನ್ನೋ, ಬಿಟ್ಟುಬಿಡಿ ಅಂತಾರಮ್ಮ!”

ನಾನು ಅವನ ಎದುರು ನಿಂತೆ. “ಆ ಸ್ಟಾಪೇ ಯಾಕೆ?”

ಯಾವ ಸ್ಟಾಪೆಂದು ಅವನು ಕೇಳಲಿಲ್ಲ. ಸೊಟ್ಟಗಾದ ಬಾಯನ್ನು ಕಷ್ಟಪಟ್ಟು ತೆರೆದ.

“ಶ್ತಾಪು ತಪ್ಪಾಯ್ತು. ನಮ್ಮೋರು ಒಂದು ಶ್ತಾಪು ಮೊದ್ಲೇ ಇಳಿದ್ರು.”

ಅಷ್ಟೇ. ಎರಡು ವರ್ಷ ನಾನು ನಿದ್ದೆಗೆಟ್ಟು ಕಾದಿದ್ದ ಉತ್ತರ ಅಷ್ಟೇ. ಟಿ.ವಿ.ಯಲ್ಲಿ ಮೀಸೆಯವನು ಇನ್ನೂ ಬೇರು ಕೀಳುತ್ತಿದ್ದ. ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಹರಕುಕಿವಿಯ ಕೆನ್ನೆಗೆ ಬಾರಿಸಿದೆ. ಅವನು ಮುಖವನ್ನೂ ಕಿವುಚಲಿಲ್ಲ. ಸೂಜಿ ಹಾಕಿದ ಕಡೆ ಅದು. ಉರಿದದ್ದು ನನ್ನ ಅಂಗೈ.

“ಇನ್ನೊಂದು ಕೆನ್ನೆಗೆ ಕೊಡಮ್ಮ,” ಎಂದರು ದಫೇದಾರರು. “ನಾನು ಗೋಡೆ ನೋಡ್ತಿರ್ತೀನಿ.”

ಎತ್ತಿದ್ದ ಕೈಯನ್ನು ಇಳಿಸಿದೆ. “ಬೇಡ. ಮರಗಟ್ಟಿದ್ದು ಇಳೀಲಿ. ನನ್ನ ತಮ್ಮ ಯಾರು ಅಂತ ಇವನಿಗೆ ಹೇಳ್ಬೇಕು.”

“ಅದು ಇಳಿಯೋಕೆ ಎರಡು ಗಂಟೆ ಬೇಕಲ್ಲಮ್ಮ.”

“ಕಾಯ್ತೀನಿ,” ಎಂದು ಅವನ ಎದುರಿನ ಬೆಂಚಿನ ಮೇಲೆ ಕೂತೆ. ಚೀಲದಿಂದ ಒಂಟಿ ಚಪ್ಪಲಿ ತೆಗೆದು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟೆ.