ಕ್ವಾರ್ಟರ್‌ಬ್ಯಾಕ್‌ನ ಜಾತಕ

ಅಮೆರಿಕದ ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಬದರಿನಾಥರು ಒಮ್ಮೆ ಸೀನಿದರೆ ಮೂರು ರಾಜ್ಯಗಳಲ್ಲಿ ಮದುವೆಯ ಮುಹೂರ್ತ ಮುಂದಕ್ಕೆ ಹೋಗುತ್ತಿತ್ತು. ವಾರದ ಐದು ದಿನ ಅವರು ಸೇತುವೆಗಳ ನಕ್ಷೆ ತಿದ್ದುವ ಸಾಧಾರಣ ಎಂಜಿನಿಯರು. ಶನಿವಾರ, ಭಾನುವಾರ ಮಾತ್ರ ಜ್ಯೋತಿಷಿ. ಆದರೆ ಆ ಎರಡೇ ದಿನಗಳಲ್ಲಿ ಬಾಲ್ಟಿಮೋರಿನಿಂದ ಶಾರ್ಲೆಟ್‌ವರೆಗೆ ಅವರು ಕೂಡಿಸಿದ ಜೋಡಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ವಾಷಿಂಗ್ಟನ್ನಿಗೆ ಎರಡು ಸುತ್ತು ಬೇಲಿ ಹಾಕಬಹುದಿತ್ತು. ಒಂದು ಜೋಡಿಯೂ ಮುರಿದಿಲ್ಲ ಎಂದು ಅವರೇ ಹೇಳುತ್ತಿದ್ದರು. ಮುರಿದ ಎರಡು, ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಮುರಿದದ್ದರಿಂದ, ಅವರ ಸರಹದ್ದಿಗೆ ಸೇರುತ್ತಿರಲಿಲ್ಲ.

ಇಂಥ ಬದರಿನಾಥರು ನವೆಂಬರಿನ ಆ ಭಾನುವಾರ ಮಧ್ಯಾಹ್ನ ಎಲಿಕಾಟ್ ಸಿಟಿಯ ಮಹಾಂತಪ್ಪನವರ ಬೇಸ್‌ಮೆಂಟಿನಲ್ಲಿ ಟಿವಿಯ ಮುಂದೆ ಕೂತು, ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಒಂದೇ ಒಂದು ಚೆಂಡನ್ನು ನೆಟ್ಟಗೆ ಎಸೆಯಲಿ ಎಂದು ಮುಕ್ಕೋಟಿ ದೇವತೆಗಳಿಗೆ ಹೆಸರು ಹಿಡಿದು ಮೊರೆಯಿಡುತ್ತಿದ್ದರು.

ಹುಡುಗ ವಾಷಿಂಗ್ಟನ್ ತಂಡದ ಹೊಸ ಕ್ವಾರ್ಟರ್‌ಬ್ಯಾಕ್. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವವನೂ ಅವನೇ, ಊರಿನ ಬೈಗುಳ ತಿನ್ನುವವನೂ ಅವನೇ. ಅವನಿಗಿದು ಮೊದಲ ವರ್ಷ. ಒಂಬತ್ತು ಆಟ ಮುಗಿದಿದ್ದವು, ಎಂಟು ಸೋಲು. ಅವನು ಎಸೆದ ಚೆಂಡುಗಳನ್ನು ಎದುರಾಳಿಗಳು ಹಿಡಿದೂ ಹಿಡಿದೂ, ಇಡಲು ಜಾಗವಿಲ್ಲದೆ ಗೋದಾಮು ಹುಡುಕುತ್ತಿದ್ದರು.

ಬದರಿನಾಥರ ಸಂಕಟಕ್ಕೆ ಕಾರಣ ಅವರದೇ ಬಾಯಿ. ಆಗಸ್ಟಿನಲ್ಲಿ ಇದೇ ಬೇಸ್‌ಮೆಂಟಿನಲ್ಲಿ ಗೋಪಿನಾಥ ಎಂಬ ಗೆಳೆಯ, ಆ ಹುಡುಗನ ಚಿತ್ರವಿದ್ದ ಕಾರ್ಡೊಂದನ್ನು ತೋರಿಸಿದ್ದ. ಕಾರ್ಡಿನ ಬೆನ್ನಿಗೆ ಹುಟ್ಟಿದ ದಿನ, ಊರು ಎರಡೂ ಇದ್ದವು. ಹುಟ್ಟಿದ ಗಂಟೆ ಇರಲಿಲ್ಲ. "ಗಂಟೆ ಯಾಕಯ್ಯಾ? ಗದ್ದ ನೋಡಿದ್ರೆ ಸಾಕು," ಎಂದು ಬದರಿನಾಥರು ಅಲ್ಲೇ ಜಾತಕ ಬರೆದು, "ದೀಪಾವಳಿಯೊಳಗೆ ಈತ ಸಾಮ್ರಾಟ. ತಪ್ಪಿದರೆ ನನ್ನ ಪಂಚಾಂಗ ಪೊಟೋಮ್ಯಾಕ್ ಹೊಳೆಗೆ," ಎಂದು ಸಾರಿದ್ದರು.

ದೀಪಾವಳಿ ಬಂದು ಹೋಗಿತ್ತು. ಹೊಳೆಯ ಚಿಂತೆ ಅವರಿಗಿರಲಿಲ್ಲ, ಚಿಂತೆ ಪ್ರತಿಭಾಳದು.

ಪ್ರತಿಭಾ ಮಹಾಂತಪ್ಪನವರ ಒಬ್ಬಳೇ ಮಗಳು. ನಾರ್ತ್ ಕ್ಯಾರೊಲೈನಾದಲ್ಲಿ ಓದುವಾಗ ರವಿಕಿರಣ್‌ನನ್ನು ಮೆಚ್ಚಿದ್ದಳು. ಅವನ ಮನೆಯವರು ಈಗ ದಕ್ಷಿಣದ ಅಲ್ಫರೆಟಾ ಎಂಬ ಊರಿನಲ್ಲಿ. ಅವನ ತಾಯಿ ಗೌರಾಬಾಯಿಗೆ ಹುಡುಗಿ ಒಪ್ಪಿಗೆ, ಆದರೆ ಜಾತಕ ಕೂಡಬೇಕು. ಜಾತಕ ನೋಡದೆ ಮದುವೆ ಮಾಡಿದ ದೊಡ್ಡ ಮಗ ಎಂಟೇ ತಿಂಗಳಲ್ಲಿ ಹೆದ್ದಾರಿಯ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ಆ ತಾಯಿಯೊಂದಿಗೆ ಯಾರು ವಾದಿಸಿಯಾರು? ಪ್ರತಿಭಾಳ ಜಾತಕದಲ್ಲೋ ಏಳನೆಯ ಮನೆಯಲ್ಲಿ ಕುಜ ಕಾಲು ಚಾಚಿ ಮಲಗಿದ್ದ. ಆಗ ಅವಳು ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಬದರಿನಾಥರ ಕಾರಿನ ಕಿಟಕಿ ಹಿಡಿದು ನಿಂತು, "ಪ್ಲೀಸ್ ಅಂಕಲ್, ಏನಾದ್ರೂ ಮಾಡಿ," ಎಂದು ಅತ್ತಿದ್ದಳು. ಬದರಿನಾಥರು ಹುಟ್ಟಿದ ಗಂಟೆಯನ್ನು ಹನ್ನೆರಡು ನಿಮಿಷ ಮುಂದೆ ತಳ್ಳಿದರು. ಲಗ್ನ ಬದಲಾಯಿತು, ಕುಜ ಪಕ್ಕದ ಮನೆಗೆ ಎದ್ದುಹೋದ. ಡಿಸೆಂಬರಿನಲ್ಲಿ ನಿಶ್ಚಿತಾರ್ಥ.

ಬದರಿನಾಥರ ಮಾತಿನ ಮೇಲೆ ಮಹಾಂತಪ್ಪನವರಿಗೆ ನಂಬಿಕೆ ಇರುವವರೆಗೆ ಆ ಜಾತಕವನ್ನು ಯಾರೂ ಮತ್ತೆ ತೆರೆಯುವಂತಿರಲಿಲ್ಲ. ಆ ನಂಬಿಕೆಯನ್ನೇ ಟಿವಿಯ ಹುಡುಗ ವಾರವಾರ ಎದುರಾಳಿಗಳ ಕೈಗೆ ಎಸೆಯುತ್ತಿದ್ದ.

"ಬೆಂಚಿಗೆ ಕೂಡಸ್ರೀ ಅವನ್ನ!" ಮಹಾಂತಪ್ಪ ಟಿವಿಗೆ ಕೂಗಿದರು. ಗದಗಿನ ಆ ದನಿ ಕೇಳಿ ಪಕ್ಕದ ಮೂರು ಮನೆಗಳ ನಾಯಿಗಳು ಎದ್ದು ಕೂತವು.

"ಹುಡುಗ ಏನ್ಮಾಡ್ತಾನೆ ಸಾರ್?" ಗೋಪಿನಾಥ ಎಂದಿನ ವಕಾಲತ್ತು ಹಿಡಿದ. "ಅವನ ಮುಂದೆ ನಿಂತು ಕಾಯೋರು ಗೋಡೆ ಥರ ಇರ್ಬೇಕು. ಇವ್ರು ಮಾಲ್ ಬಾಗಿಲು ಥರ, ಬಂದೋರಿಗೆಲ್ಲ ತಾನಾಗೇ ತೆಕ್ಕೊಳ್ತಾರೆ. ಮೊದಲ ವರ್ಷ, ಟೈಮ್ ಕೊಡಿ."

"ಎಷ್ಟು ಕೊಡೂದ್ರಿ? ತಪ್ಪು ಮಾಡಿದಾಂವ ಹೊರಗ ಕೂಡಬೇಕು. ಬೆಂಚಿನ ಮ್ಯಾಲೆ ಆ ಹಳೇ ಕ್ವಾರ್ಟರ್‌ಬ್ಯಾಕ್ ಮುದುಕ ಅದಾನಲ್ಲ, ಅವನ ಎರಡೂ ಮೊಣಕಾಲು ಸವದಾವ. ಆದ್ರೂ ಚೆಂಡು ನಮ್ಮವರಿಗೇ ಒಗಿತಾನ."

ಮಂಡಕ್ಕಿ ತಟ್ಟೆ ಇಡಲು ಬಂದ ಶಾಂತವ್ವ ಗಂಡನನ್ನು ಗದರಿದರು. "ಬಾಯಿ ಬಿಗಿಹಿಡೀರಿ. ಪಾಪ, ಹಡದಾಕಿ ಎಲ್ಲೋ ಕುಂತು ಇದನ್ನ ನೋಡ್ತಿರತಾಳ."

ಅಷ್ಟರಲ್ಲಿ ಹುಡುಗ ಎಸೆದ. ಎದುರಾಳಿ ಹಿಡಿದ, ಓಡಿದ. ಬೆನ್ನಟ್ಟುವವರೂ ಇಲ್ಲದೆ ಮೈದಾನದ ಕೊನೆ ಮುಟ್ಟಿದ. ಹುಡುಗ ಮೊಣಕಾಲೂರಿ ಹುಲ್ಲು ನೋಡುತ್ತ ಕೂತ.

"ಸಾಮ್ರಾಟ ಅಂದಿದ್ರಿ, ಬದರಿನಾಥರ?" ಮಹಾಂತಪ್ಪ ತಿರುಗಿದರು.

ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಬದರಿನಾಥರು ಹುಟ್ಟಿದಾಗಿನಿಂದ ಸುಮ್ಮನಿದ್ದವರಲ್ಲ. "ಜಾತಕ ಸುಳ್ಳಲ್ಲ ಸ್ವಾಮಿ, ಗಂಟೆ ಸಿಗಲಿಲ್ಲವಲ್ಲ! ಹತ್ತು ಹನ್ನೆರಡು ನಿಮಿಷ ಆಚೀಚೆ ಆದ್ರೆ ಮನುಷ್ಯನ ಹಣೆಬರಹವೇ ಬೇರೆ."

"ಹನ್ನೆರಡು ನಿಮಿಷಕ್ಕ?" ಮಹಾಂತಪ್ಪನವರ ಹುಬ್ಬುಗಳು ಕೂಡಿದವು.

ಮೂಲೆಯ ಕಂಪ್ಯೂಟರಿನ ಬಳಿಯಿದ್ದ ಹರಿಪ್ರಸಾದನಿಗೆ ಹುರುಪು ಬಂತು. ಬೆಂಗಳೂರಿನಿಂದ ವರ್ಷದ ಹಿಂದೆ ಬಂದ ಸಾಫ್ಟ್‌ವೇರ್ ಹುಡುಗ. "ಅಂಕಲ್, ನನ್ನ ಹತ್ರ ಜಾತಕ ಹಾಕೋ ಫ್ಲಾಪಿ ಇದೆ. ಚೆಕ್ ಮಾಡೋಣ್ವಾ? ಇಪ್ಪತ್ನಾಲ್ಕು ಗಂಟೇನೂ ಟ್ರೈ ಮಾಡ್ತೀನಿ, ಎಲ್ಲಾದ್ರೂ ಸಾಮ್ರಾಟ ಸಿಗ್ತಾನಾ ನೋಡೋಣ."

ಯಾವ ಗಂಟೆಗೆ ಹುಟ್ಟಿಸಿದರೂ ಹುಡುಗ ಸಾಮ್ರಾಟನಾಗಲಿಲ್ಲ. ಗೋಪಿನಾಥ ಕೂಡ ನಕ್ಕ. ಮಹಾಂತಪ್ಪ ನಗಲಿಲ್ಲ. ಮೇಲೆ ಹೋಗಿ, ಹುಬ್ಬಳ್ಳಿಯ ಆಸ್ಪತ್ರೆಯವರು ಇಪ್ಪತ್ನಾಲ್ಕು ವರ್ಷದ ಹಿಂದೆ ಮಗಳು ಹುಟ್ಟಿದ ಗಂಟೆ ಬರೆದುಕೊಟ್ಟ ಹಳದಿ ಚೀಟಿ ತಂದು ಹರಿಪ್ರಸಾದನ ಮುಂದಿಟ್ಟರು. "ಪ್ರತಿಭಾಂದೂ ಹಾಕಪ."

ಅಪ್ಪನ ಹಿಂದೆಯೇ ಬಂದ ಪ್ರತಿಭಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಪ್ರಿಂಟರು ಕಿರುಚತೊಡಗಿತು. ಒಂದೊಂದು ಸಾಲಿಗೂ ಬದರಿನಾಥರ ಆಯುಸ್ಸು ಒಂದೊಂದು ವರ್ಷ ಕಡಿಮೆಯಾಯಿತು. ಆ ಲೆಕ್ಕದಲ್ಲಿ ಅವರು ಅರ್ಧ ಪುಟಕ್ಕೇ ತೀರಿಹೋಗಬೇಕಿತ್ತು.

"ನಿಲ್ಲಿಸಪ್ಪಾ," ಎಂದರು. "ಕೂಡೋದಿಲ್ಲ. ಗಂಟೆ ನಾನು ಬದಲಾಯಿಸಿದ್ದು."

"ಹಂಗ ಮಾಡಾಕ ಯಾರು ಹೇಳಿದ್ರು ನಿಮಗ?" ಮಹಾಂತಪ್ಪ ಕೇಳಿದರು.

ಪ್ರತಿಭಾ ಬಾಯಿ ತೆರೆದಳು. "ಅಪ್ಪಾ, ಆಕ್ಚುಲೀ ನಾನೇ..."

"ಯಾರೂ ಹೇಳಲಿಲ್ಲ!" ಬದರಿನಾಥರು ಅವಳ ಮಾತಿನ ಮೇಲೆ ಬಿದ್ದರು. "ಕೂಡಲಿಲ್ಲ ಅಂತ ಹೇಳಿದ್ರೆ ನನ್ನ ಹೆಸರು ಕಡಿಮೆಯಾಗತ್ತೆ ಅಂತ ಮಾಡಿದೆ. ಜಂಬಕ್ಕೆ." ಜೀವಮಾನದಲ್ಲಿ ಅವರು ಹೇಳಿದ ಸುಳ್ಳುಗಳಲ್ಲಿ ತಮ್ಮನ್ನು ಚಿಕ್ಕವರನ್ನಾಗಿ ಮಾಡಿಕೊಂಡದ್ದು ಇದೊಂದೇ. ಎಲ್ಲರೂ ಅದನ್ನು ತಕ್ಷಣ ನಂಬಿದರು.

ಮಹಾಂತಪ್ಪ ಬೈಯಲಿಲ್ಲ. "ಮಗನ್ನ ಕಳಕೊಂಡಾಕಿಗೆ ಸುಳ್ಳು ಹೇಳಿ ಸಂಬಂಧ ಮಾಡಾಂಗಿಲ್ಲ," ಎಂದಷ್ಟೇ ಹೇಳಿ ಫೋನಿಗಾಗಿ ಮೇಲೆ ಹೋದರು. ಶಾಂತವ್ವ ತಟ್ಟೆಗಳನ್ನು ಎತ್ತಿದರು. ಬದರಿನಾಥರ ತಟ್ಟೆ ಇನ್ನೂ ತುಂಬಿತ್ತು, ಅದನ್ನೂ ಎತ್ತಿದರು.

ಅಲ್ಫರೆಟಾದ ಜೊತೆ ಮಾತು ನಾಲ್ಕು ನಿಮಿಷವೂ ನಡೆಯಲಿಲ್ಲ. ಬೇಸ್‌ಮೆಂಟಿಗೆ ಕೇಳಿದ್ದು ಮಹಾಂತಪ್ಪನವರ "ಹೌದ್ರಿ, ಹೌದ್ರಿ" ಮಾತ್ರ. ಕೊನೆಗೆ, "ತಿಳೀತು ಬಿಡ್ರಿ. ನಿಮ್ಮ ಜಾಗಾದಾಗ ನಾನಿದ್ರೂ ಹಂಗ ಅಂತಿದ್ದೆ."

ಬದರಿನಾಥರು ಕಾರಿನ ಬಾಗಿಲು ತೆರೆಯುವಾಗ ಪ್ರತಿಭಾ ಕೋಟಿಲ್ಲದೆ ಚಳಿಯಲ್ಲಿ ಓಡಿಬಂದಳು.

"ರವಿಗೆ ನಾನೇ ಫೋನ್ ಮಾಡ್ತೀನಮ್ಮಾ," ಎಂದರು.

"ಬೇಡ ಅಂಕಲ್. ಅವ್ನು ಅಮ್ಮನ್ನ ಬಿಟ್ಟು ಬರಲ್ಲ. ಐ ನೋ ಹಿಮ್." ಅವಳು ಅಳುತ್ತಿರಲಿಲ್ಲ. "ನನ್ ಹೆಸ್ರು ಹೇಳ್ಲಿಲ್ಲ, ಥ್ಯಾಂಕ್ಸ್. ಬಟ್ ಫುಟ್‌ಬಾಲ್ ಬಗ್ಗೆ ಭವಿಷ್ಯ ಯಾಕೆ ಹೇಳೋಕೆ ಹೋದ್ರಿ? ನಿಮ್ಮನ್ನ ಯಾರೂ ಕೇಳಿರ್ಲಿಲ್ಲ, ಅಲ್ವಾ?"

ಶನಿ, ರಾಹು, ಮುಂದಿನ ಯುಗಾದಿ ಎಲ್ಲ ನಾಲಿಗೆಯ ತುದಿಗೆ ಬಂದವು. ಅವಳು ಕೈಕಟ್ಟಿಕೊಂಡು, ನಿಜವಾಗಿ ಉತ್ತರ ಬೇಕೆಂಬಂತೆ ಕಾಯುತ್ತಿದ್ದಳು.

"ಇಲ್ಲ," ಎಂದರು ಬದರಿನಾಥರು. "ಯಾರೂ ಕೇಳಿರಲಿಲ್ಲ."