ತಲೆಕೆಳಗಾದ ಅಲಗು

ಕೇಕಿನ ಮೇಲೆ ಬಿದ್ದಿರುವುದು ಸಕ್ಕರೆಪುಡಿಯಲ್ಲ, ಅಕ್ರೋಟ ಮರದ ಹೊಟ್ಟು, ಪೆನ್‌ಫೋಲ್ಡ್ ಅಮ್ಮನವರು ಅದನ್ನು ಚಮಚದ ತುದಿಯಿಂದ ಮೆಲ್ಲಗೆ ಸರಿಸುತ್ತಿದ್ದಾರೆ, ಸರಿಸಿದ್ದು ಯಾರಿಗೂ ಕಾಣಬಾರದೆಂಬ ಮರ್ಯಾದೆ ಬೇರೆ, ಹೆಟ್ಟಿಗೆ ಕಂಡಿತು, ಈಗ ಅವಳಿಗೆ ಎಲ್ಲವೂ ಕಾಣುತ್ತದೆ — ಜಮಖಾನದ ಮೇಲೆ ಮುರಿದು ಬಿದ್ದ, ಹಲಗೆಯಲ್ಲಿ ಕೊರೆದ ಎಲೆ, ತನ್ನ ಅಮ್ಮನ ಕತ್ತಿನಲ್ಲಿ ಎದ್ದ ಕೆಂಪು, ತನ್ನ ಬೂಟನ್ನೇ ನೋಡುತ್ತ ಕುಳಿತ ವಾಲ್ಟರ್, ಪೆನ್‌ಫೋಲ್ಡ್ ಅಮ್ಮನವರ ಮಗ, ಪಾಪ, ಪ್ರೀತಿಯಿಂದಲೇ ಹೆಟ್ಟಿಯನ್ನು ಕೇಳಿದ್ದ ಅವನು, ಒಂದೇ ಒಂದು ಎಲೆ ಕೊರೆದು ತೋರಿಸಿ ಮಿಸ್ ಟ್ರೆಂಟ್, ನಮ್ಮಮ್ಮ ನೋಡಬೇಕಂತೆ, ಗೋಡೆಯ ಮೇಲಿನ ಆ ಕನ್ನಡಿ ಚೌಕಟ್ಟನ್ನು ನೀವೇ ಕೊರೆದದ್ದು ಅಂದ್ರೆ ಅವರು ನಂಬೋದೇ ಇಲ್ಲ, ಆಗಲೇ ಹೇಳಬಹುದಿತ್ತು, ನಂಬಬೇಡಿ ಅಂತ, ಒಂದೇ ಮಾತು — ಅಮ್ಮ ಮುಂದೆ ಬಿದ್ದು, ಅದಕ್ಕೇನಂತೆ, ನಮ್ಮ ಹೆಟ್ಟಿಗೆ ಅದು ನೀರು ಕುಡಿದ ಹಾಗೆ, ಎಂದುಬಿಟ್ಟಳು.

ಆ ಚೌಕಟ್ಟಿನ ಒಂದೊಂದು ಬಳ್ಳಿಯೂ ಡಾರ್ಕಸ್ ಕೊರೆದದ್ದು, ತಂಗಿ, ಚಿಕ್ಕಂದಿನ ಜ್ವರದಲ್ಲಿ ಎಡಗಾಲು ಸೊರಗಿ ಸೋಫಾ ಹಿಡಿದವಳು, ಬಲಗಾಲಿನಿಂದ ಗರಗಸಯಂತ್ರದ ತುಳಿಮಣೆ ತುಳಿಯುವಾಗ ಮಾತ್ರ ಅವಳ ಮುಖಕ್ಕೆ ಬಣ್ಣ ಬರುತ್ತದೆ, ನಾಲಿಗೆ ಹಲ್ಲಿನ ಸಂದಿಯಲ್ಲಿ, ಕೈ ಹಲಗೆಯನ್ನು ತಿರುಗಿಸುತ್ತಿದ್ದರೆ ಮರವೇ ದಾರಿ ಬಿಟ್ಟುಕೊಟ್ಟ ಹಾಗೆ, ಹೆಟ್ಟಿ ಮಾಡಿದ್ದು ಮೆರುಗೆಣ್ಣೆ ಬಳಿದದ್ದಷ್ಟೇ, ಅದೂ ಒಂದು ಮೂಲೆಯಲ್ಲಿ ಸೋರಿ ಗೆರೆಯಾಗಿದೆ, ಇವಳನ್ನಂತೂ ಯಾರೂ ಕೇಳ್ಕೊಂಡು ಬರಲ್ಲ ಕಣೆ, ಇವಳ ಕೈಕೆಲಸವಾದರೂ ನಿನಗೆ ಉಪಯೋಗಕ್ಕೆ ಬರಲಿ, ಅಂದಿದ್ದಳು ಅಮ್ಮ, ಡಾರ್ಕಸ್‌ಗೆ ಕೇಳಿಸುವಂತೆಯೇ, ಡಾರ್ಕಸ್ ನಕ್ಕಿದ್ದಳು, ಹೆಟ್ಟಿಯೂ ನಕ್ಕಿದ್ದಳು, ಯಾಕೆ ನಕ್ಕೆ, ಯಾಕೆ — ಇವತ್ತು ಹೆಟ್ಟಿ ಗರಗಸದ ಮುಂದೆ ಕೂತಾಗ ಡಾರ್ಕಸ್ ಸೋಫಾದಿಂದ ಕೈಚಾಚಿ ಅಲಗು ಕೊಟ್ಟಳು, ಕೂದಲಿನಷ್ಟು ಸಣ್ಣದು, ಹಲಗೆಯ ತೂತಿನಲ್ಲಿ ಪೋಣಿಸಿ ಮೇಲೂ ಕೆಳಗೂ ಬಿಗಿಯುವುದನ್ನು ನೂರು ಸಲ ನೋಡಿದ್ದಾಳೆ, ಹಲ್ಲು ಯಾವ ಕಡೆಗಿರಬೇಕೆಂದು ಒಮ್ಮೆಯೂ ನೋಡಿರಲಿಲ್ಲ, ಅವಳು ಬಿಗಿದಾಗ, ಕೆಳಮುಖವಾಗಿರಬೇಕಾದ ಹಲ್ಲು ಮೇಲ್ಮುಖವಾಗಿತ್ತು, ತುಳಿದಳು, ಅಲಗು ಹಲಗೆಯನ್ನು ಎತ್ತೆತ್ತಿ ಕುಕ್ಕಿತು, ಕಟಕಟಕಟ, ಚಹಾದ ಬಟ್ಟಲುಗಳು ನಡುಗಿದವು, ಅಯ್ಯಯ್ಯೋ ಹಲಗೆಗೆ ಚಳಿಜ್ವರ ಬಂತಲ್ಲೇ ಹುಡುಗಿ, ಪೆನ್‌ಫೋಲ್ಡ್ ಅಮ್ಮನವರ ನಗು, ನಿಲ್ಲಿಸಲು ಗೊತ್ತಾಗದೆ ಇನ್ನೂ ಜೋರಾಗಿ ತುಳಿದಳು, ತಲೆಯೆತ್ತಿದಾಗ ಕಂಡದ್ದು ಅದು, ಸೋಫಾದ ಮೇಲೆ ಶಾಲಿನ ಅಂಚಿನಿಂದ ಹೊರಬಂದ ಡಾರ್ಕಸಳ ಬಲಪಾದ, ಕಾಲುಚೀಲದಲ್ಲಿ, ಖಾಲಿ ಗಾಳಿಯನ್ನು ತುಳಿಯುತ್ತಿದೆ, ನಿಧಾನ, ಸರಿಯಾದ ಲಯದಲ್ಲಿ, ಹೀಗೆ ಅಕ್ಕ, ಹೀಗೆ — ಎಲೆ ಮುರಿಯಿತು.

ತಪ್ಪು ನನ್ನದು, ಡಾರ್ಕಸ್ ಅಂದಳು, ಅಲಗು ಕೊಟ್ಟವಳು ನಾನು, ತಲೆಕೆಳಗಾಗಿ ಕೊಟ್ಟೆ, ಅಕ್ಕ ನನ್ನ ನಂಬಿ ಹಾಗೇ ಹಾಕಿದಳು, ಅಮ್ಮ ಹೆಟ್ಟಿಗೆ ಸಿಡುಕಿದಳು, ಎಷ್ಟು ಸಲ ಹೇಳಿದ್ದೀನಿ ಅವಳ ಕೈಗೆ ಏನೂ ಕೊಡಬೇಡ ಅಂತ, ಬಿಡಿ, ಆ ಕೂಸಿಗೆ ಇದೆಲ್ಲ ಏನು ತಿಳಿಯುತ್ತೆ, ಅಂದರು ಪೆನ್‌ಫೋಲ್ಡ್ ಅಮ್ಮನವರು, ಎಲ್ಲರೂ ಹೆಟ್ಟಿಯತ್ತ ತಿರುಗಿದರು, ಈಗ ಹೇಳಬೇಕಿತ್ತು, ಬಾಯಿಯೂ ತೆರೆದಿತ್ತು, ಅದರಿಂದ ಬಂದದ್ದು — ಪರವಾಗಿಲ್ಲ ಡಾರ್ಕಸ್, ನಾನೇನೂ ಅಂದುಕೊಳ್ಳಲ್ಲ. ಕ್ಷಮಿಸಿಬಿಟ್ಟಳು. ಇವಳು, ಅವಳನ್ನು. ಎಂಥ ಒಳ್ಳೆ ಮನಸ್ಸು ನೋಡು, ಎಂದು ತಾಯಿ ಮಗನಿಗೆ ಹೇಳುತ್ತಿದ್ದಾರೆ, ವಾಲ್ಟರ್ ಬೂಟಿನಿಂದ ಕಣ್ಣೆತ್ತಿದ್ದಾನೆ, ಎಷ್ಟು ನಂಬಿಕೆ ಆ ಕಣ್ಣಲ್ಲಿ, ಕೇಕು ನುಂಗಲಾಗದೆ ಹೆಟ್ಟಿ ದವಡೆಯಲ್ಲಿ ಇಟ್ಟುಕೊಂಡಿದ್ದಾಳೆ, ಹೊಟ್ಟಿನ ಕಹಿ, ನಮ್ಮನೆಗೂ ಇಂಥದ್ದೊಂದು ಚೌಕಟ್ಟು ಮಾಡಿಕೊಡ್ತೀಯಾ ಮಗಳೇ, ಮದುವೆಗೆ ಮುಂಚೆ, ಪೆನ್‌ಫೋಲ್ಡ್ ಅಮ್ಮನವರು ಕೇಳಿದರು, ಮಗಳೇ ಅಂದರು, ಮದುವೆ ಅಂದರು, ಅಮ್ಮನ ಕೈ ಎದೆಗೆ ಹೋಯಿತು, ಹೆಟ್ಟಿ ತನಗೆ ತಾನೇ ಹೇಳಿಕೊಂಡಳು, ಇಲ್ಲ ಅನ್ನು, ಡಾರ್ಕಸ್ ಮಾಡ್ತಾಳೆ ಅನ್ನು, ಬೆರಳು ತೋರಿಸಿದರೂ ಸಾಕು, ಶಾಲಿನ ಅಂಚಿನಲ್ಲಿ ಆ ಪಾದ ಇನ್ನೂ ಆಡುತ್ತಿದೆ, ಮೇಲೆ, ಕೆಳಗೆ, ಮೇಲೆ, ಆಗಲಿ, ಮಾಡಿಕೊಡ್ತೀನಿ, ಅಂದಳು ಹೆಟ್ಟಿ, ಕಾಲುಚೀಲದ ಆ ಪಾದ — ನಿಂತಿತು, ಬೆರಳು ಒಳಕ್ಕೆ ಮಡಿಚಿಕೊಂಡು, ಆ ಪಾದ, ನಿಂತ ಆ ಪಾದ