ಶಲ್ಯ ಹೊದೆಯುವ ಬಗೆ

"ಊಹೂಂ, ಕಾಣತ್ತೆ," ಎಂದಳು ಹೆಂಡತಿ. "ಕತ್ತಿನ ಹತ್ರ ಇನ್ನೂ ಎರಡು ಬೆರಳು ಕಾಣತ್ತೆ ರೀ. ಮೇಲಕ್ಕೆ ಎಳ್ಕೊಳ್ಳಿ."

ಕನ್ನಡಿಯ ಮುಂದೆ ಪಂಚೆಯುಟ್ಟು ಬರಿಮೈಯಲ್ಲಿ ನಿಂತಿದ್ದ ಮೇಷ್ಟ್ರು ಶಲ್ಯವನ್ನು ಮೇಲಕ್ಕೆಳೆದರು. ಈಗ ಕೆಳಗೆ ಕಂಡಿತು. ಮೇಷ್ಟ್ರೆಂದರೆ ಪಾಠದ ಮೇಷ್ಟ್ರಲ್ಲ, ಕಾರು ಓಡಿಸಲು ಕಲಿಸುವವರು. ಎದುರಿಗೆ ಲಾರಿ ನುಗ್ಗಿ ಬಂದರೂ ಬೆವರದವರು ಈಗ ಒಂದು ತುಂಡು ಬಟ್ಟೆಯ ಜೊತೆ ಗುದ್ದಾಡಿ ಬೆವರುತ್ತಿದ್ದರು. ಎದೆಯ ನಟ್ಟನಡುವೆ, ಮೇಲಿಂದ ಕೆಳಗೆ ಒಂದು ಗೇಣುದ್ದಕ್ಕೆ ಆಪರೇಷನ್ನಿನ ಗಾಯ. ಮಾಗಿತ್ತು, ಆದರೆ ಕೆಂಪು ಹೋಗಿರಲಿಲ್ಲ.

ಅಮ್ಮನಿಗೆ ಇದರ ಸುಳಿವೇ ಇರಲಿಲ್ಲ. ಐದು ತಿಂಗಳ ಹಿಂದೆ ಮೇಷ್ಟ್ರು ಆಸ್ಪತ್ರೆ ಸೇರಿದಾಗ ಅವರು ಮಗಳ ಮನೆಯಲ್ಲಿದ್ದರು. ಅಮ್ಮನ ಬಿ.ಪಿ. ನೆನೆದು, "ಟ್ರೈನಿಂಗಿಗೆ ಹೋಗಿದಾರೆ ಅಂತ ಹೇಳ್ಬಿಡು" ಎಂದು ಹೆಂಡತಿಗೆ ಅಪ್ಪಣೆ ಕೊಟ್ಟು ಈ ಮಹಾಶಯರು ಆಪರೇಷನ್ ಕೋಣೆಗೆ ಹೋದರು. ಆಮೇಲೆ ಒಂದು ತಿಂಗಳು ಅವಳು ಆಸ್ಪತ್ರೆಯ ವರಾಂಡದಲ್ಲಿ ನಿಂತು ಫೋನಿನಲ್ಲಿ ಸುಳ್ಳು ಹೇಳಿದ್ದೇ ಹೇಳಿದ್ದು. ಅಮ್ಮನೋ, ಬೇರೆ ಏನನ್ನಾದರೂ ಸಹಿಸಿಯಾರು, ಸುಳ್ಳನ್ನು ಮಾತ್ರ ಸಹಿಸುವವರಲ್ಲ. ಕೆಲಸ ಹೋದದ್ದನ್ನು ಮುಚ್ಚಿಟ್ಟನೆಂದು ಒಡಹುಟ್ಟಿದ ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಅವರು ಈ ಮನೆಗೆ ಬಂದ ಹತ್ತು ದಿನಗಳಿಂದ ಮೇಷ್ಟ್ರು ಅಂಗಿಯ ಕತ್ತಿನ ಗುಂಡಿ ಬಿಚ್ಚಿರಲಿಲ್ಲ.

ಹೀಗಿರುವಾಗ ಅಮ್ಮ ಹೋಗಲೇಬೇಕೆಂದು ಹಟ ಹಿಡಿದದ್ದು, ಗಂಡಸರು ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕಾದ ದೇವಸ್ಥಾನಕ್ಕೆ! "ನೀವಿಬ್ರೂ ಹೋಗ್ಬನ್ನಿ, ನಾನು ಹೊರಗೆ ಚಪ್ಪಲಿ ಕಾಯ್ತೀನಿ" ಎಂದು ಮೇಷ್ಟ್ರು ಹೇಳಿ ನೋಡಿದ್ದರು. "ಚಪ್ಪಲಿ ಕಾಯೋಕೇನೋ ನಿನ್ನ ಹೆತ್ತಿದ್ದು?" ಎಂದು ಅಮ್ಮ ಬಾಯಿ ಮುಚ್ಚಿಸಿದ್ದರು.

ಕೊನೆಗೆ ಹೆಂಡತಿಯೇ ಉಪಾಯ ಹುಡುಕಿದಳು. ಶಲ್ಯವನ್ನು ಎರಡು ಮಡಿಕೆ ಮಾಡಿ, ಎದೆಗೆ ಅಡ್ಡಲಾಗಿ ಹೊದಿಸಿ, ಬಗಲಲ್ಲಿ ಒಂದು, ಹೆಗಲ ಮೇಲೆ ಒಂದು ಪಿನ್ನು ಚುಚ್ಚಿದಳು. ಮೇಲೆ ಅಂಗಿ ತೊಡಿಸುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದರು.

"ಅವನ ಸಿಂಗಾರ ಸಾಕು, ನಿನ್ನ ಸೀರೆ ನೋಡ್ಕೊಳ್ಳೇ. ಮನೇಲಿ ಉಡೋದ್ರಲ್ಲೇ ಹೊರಟಿದೀಯಲ್ಲ! ಮೊದಲೆಲ್ಲ ಗಂಟೆಗಟ್ಟಲೆ ಕನ್ನಡಿ ಬಿಡ್ತಿರ್ಲಿಲ್ಲ."

"ಇದೇ ಇರ್ಲಿ ಬಿಡಿ ಅತ್ತೆ, ಹೊತ್ತಾಯ್ತು."

ದೇವಸ್ಥಾನದ ಬಾಗಿಲಲ್ಲಿ ಮೇಷ್ಟ್ರು ಅಂಗಿ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು. ಪಿನ್ನುಗಳು ಗಟ್ಟಿಯಾಗಿದ್ದವು. ಸಾಲು ಸರಿಯಿತು. ಇನ್ನೇನು ಗೆದ್ದೆ ಅಂದುಕೊಳ್ಳುವ ಹೊತ್ತಿಗೆ ಒಳಗಿನಿಂದ ಅರ್ಚಕರು ಕೂಗಿದರು.

"ಶಲ್ಯ ಸೊಂಟಕ್ಕೆ ಕಟ್ಕೊಳ್ಳಿ ಸ್ವಾಮಿ."

ಮೇಷ್ಟ್ರು ಕೇಳಿಸದವರಂತೆ ಚಾವಣಿ ನೋಡಿದರು.

"ನಿಮಗೇ ಹೇಳಿದ್ದು."

"ಸ್ವಲ್ಪ ಚಳಿ…"

"ಈ ಸೆಕೇಲಿ ಚಳೀನಾ?" ಹಿಂದಿದ್ದವರು ಯಾರೋ ಕಿಸಕ್ಕೆಂದರು.

ಅಮ್ಮ ಹಿಂದಿರುಗಿ ನೋಡಿದರು. "ಹೇಳ್ತಿದಾರಲ್ಲ, ತೆಗ್ಯೋ. ಅಯ್ಯೋ, ಪಿನ್ ಬೇರೆ! ಇದ್ಯಾವ ಸೀಮೆ ಫ್ಯಾಶನ್ನೋ?" ಎನ್ನುತ್ತ ತಾವೇ ಕೈ ಹಾಕಿ ಹೆಗಲ ಪಿನ್ನು ಕಿತ್ತರು. "ಅಮ್ಮಾ, ಬೇಡ" ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಬಟ್ಟೆ ಜಾರಿತ್ತು.

ದೀಪದ ಬೆಳಕು ಸಾಕಷ್ಟಿತ್ತು. ಅಮ್ಮನ ಕೈ ಅಲ್ಲೇ ನಿಂತಿತು. ಆಮೇಲೆ ಒಂದು ಬೆರಳನ್ನು ಗಾಯದ ಮೇಲ್ತುದಿಗಿಟ್ಟು, ಮೆಲ್ಲಗೆ ಕೆಳತುದಿಯವರೆಗೆ ತಂದರು. ಅರ್ಚಕರು "ಮುಂದೆ ಹೋಗಿ" ಎನ್ನಲಿಲ್ಲ. ಅಮ್ಮನೇ ತಿರುಗಿ, ದೇವರಿಗೆ ಕೈ ಮುಗಿದು, ಒಂದು ಮಾತೂ ಆಡದೆ ಹೊರಗೆ ನಡೆದರು. ಮೇಷ್ಟ್ರು ಜಾರಿದ ಶಲ್ಯವನ್ನು ಬಾಚಿಕೊಂಡು ಹಿಂದೆಯೇ ಓಡಿದರು.

ಅಮ್ಮ ಪ್ರಾಕಾರದ ಜಗಲಿಯ ಮೇಲೆ ಕೂತು ಮಗನ ಎದೆಯನ್ನೇ ಮತ್ತೆ ನೋಡಿದರು.

"ಇದೇ ಏನೋ ನಿನ್ನ ಟ್ರೈನಿಂಗು?"

"ನಿನ್ನ ಬಿ.ಪಿ.ಗೆ ಹೆದರಿ ಹಾಗೆ ಹೇಳಿಸ್ದೆ. ತಪ್ಪಾಯ್ತು ಕಣಮ್ಮ. ಬೈಯಿ, ಹೊಡಿ. ಮಾತು ಮಾತ್ರ ಬಿಡ್ಬೇಡ."

"ನಿನ್ನ ಕೊಯ್ಯೋವಾಗ ಹೊರಗೆ ಯಾರಿದ್ರು?"

"ಇವಳಿದ್ಳು."

"ಇವಳ ಜೊತೆಗೆ?"

ಈ ಐದು ತಿಂಗಳಲ್ಲಿ ಮೇಷ್ಟ್ರು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹೆಂಡತಿಯ ಮುಖ ನೋಡಿದರು.

"ಯಾರೂ ಇರ್ಲಿಲ್ಲ ಅತ್ತೆ," ಎಂದಳು ಅವಳು. "ಏಳು ಗಂಟೆ ಹೊತ್ತು ಹಿಡೀತು." ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ ನಗಲು ಹೋದಳು. ಆಗಲಿಲ್ಲ. ತುಟಿ ಕಚ್ಚಿಕೊಂಡರೂ ತಡೆಯದೆ, ಓಡಾಡುವ ಜನರ ಮುಂದೆಯೇ ಗಳಗಳನೆ ಅತ್ತುಬಿಟ್ಟಳು.

ಅಮ್ಮ ಅವಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ದಿನಾ ಫೋನು ಮಾಡಿ, ಊಟ ಆಯ್ತಾ ಅತ್ತೆ ಅಂತ ಕೇಳ್ತಿದ್ದೆಯಲ್ಲೇ," ಎಂದರು. "ನಿಂದಾಯ್ತೇನೇ ಅಂತ ನಾನು ಒಂದು ದಿನಾನಾದ್ರೂ ಕೇಳಿದ್ನಾ?"

ದರ್ಶನ ಮುಗಿಸಿ ಬಂದ ಗಂಡಸರೆಲ್ಲ ಅಂಗಿ ತೊಡುತ್ತಿದ್ದರು. ಮೇಷ್ಟ್ರು ತಮ್ಮದನ್ನು ತೋಳಿನ ಮೇಲೆ ಹಾಕಿಕೊಂಡು ಹಾಗೇ ಬಿಸಿಲಲ್ಲಿ ನಿಂತಿದ್ದರು. ಅಮ್ಮ ಸೊಸೆಯ ಮುಖ ಒರೆಸುತ್ತಿದ್ದರು. ಸೆರಗು ಒದ್ದೆಯಾದಾಗ ಒಣಗಿದ್ದ ಕಡೆಗೆ ತಿರುಗಿಸಿಕೊಂಡು ಮತ್ತೆ ಒರೆಸಿದರು.